ನಕಲಿಗೆ ಜೈಲು: ಯಾವಾಗ, ಯಾರಿಗೆ, ಎಷ್ಟು

2016ರ ಆಗಸ್ಟ್‌ನಲ್ಲಿ ದೇಶದ ಅನೇಕ ಅಂತರ್ಜಾಲ ಬಳಕೆದಾರರ ಪರದೆಯ ಮೇಲೆ ಒಂದು ಎಚ್ಚರಿಕೆ ಕಾಣಿಸಿಕೊಳ್ಳತೊಡಗಿತು. ನಿರ್ಬಂಧಕ್ಕೆ ಒಳಗಾದ ಟೊರೆಂಟ್ ತಾಣಗಳ ವಿಳಾಸ ಒತ್ತಿದವರಿಗೆಲ್ಲ ಸಿಗುತ್ತಿದ್ದ ಆ ಸಂದೇಶದ ಸಾರ ಇಷ್ಟು: ಇಲ್ಲಿರುವ ಅನಧಿಕೃತ ಪ್ರತಿಯನ್ನು ನೋಡುವುದು, ಇಳಿಸಿಕೊಳ್ಳುವುದು, ಪ್ರದರ್ಶಿಸುವುದು, ನಕಲು ಮಾಡುವುದು ಅಪರಾಧ, ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 63, 63ಎ, 65 ಮತ್ತು 65ಎ ಸೆಕ್ಷನ್‌ಗಳ ಪ್ರಕಾರ ಮೂರು ವರ್ಷ ಜೈಲು, ಮೂರು ಲಕ್ಷ ರೂಪಾಯಿವರೆಗೆ ದಂಡ. ಸಿನಿಮಾ ನೋಡಿದರೂ ಜೈಲಂತೆ ಎಂಬ ಮಾತು ಹರಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆ ಸಂದೇಶದಲ್ಲಿ ಎರಡು ತಪ್ಪುಗಳಿದ್ದವು. ಅದು ಹೆಸರಿಸಿದ ನಾಲ್ಕು ಸೆಕ್ಷನ್‌ಗಳಲ್ಲಿ ಎಲ್ಲಿ ಹುಡುಕಿದರೂ ಮೂರು ಲಕ್ಷ ಎಂಬ ಅಂಕಿ ಸಿಗುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು: ನೋಡುವುದೇ ಅಪರಾಧ ಎಂದು ಕಾಯ್ದೆ ಹೇಳಿಯೇ ಇಲ್ಲ. ಬಾಂಬೆ ಹೈಕೋರ್ಟ್‌ನ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರ ಮುಂದೆ ಚಿತ್ರವೊಂದರ ಪೈರಸಿ ತಡೆಯುವ ಅರ್ಜಿ ಬಂದಾಗ, ಅದೇ ತಿಂಗಳ ಕೊನೆಯಲ್ಲಿ ಅವರು ಈ ಗೊಂದಲವನ್ನು ಬಿಡಿಸಿದರು. ಅಪರಾಧವಿರುವುದು ನೋಡುವುದರಲ್ಲಿ ಅಲ್ಲ. ಹಕ್ಕುದಾರರಿಗೆ ನಷ್ಟವಾಗುವಂತೆ ಹಂಚುವುದರಲ್ಲಿ, ಸಾರ್ವಜನಿಕವಾಗಿ ತೋರಿಸುವುದರಲ್ಲಿ, ಅನುಮತಿಯಿಲ್ಲದೆ ಮಾರುವುದರಲ್ಲಿ ಅಥವಾ ಬಾಡಿಗೆಗೆ ಕೊಡುವುದರಲ್ಲಿ ಎಂದರು.

ಕಾನೂನನ್ನು ಉಲ್ಲೇಖಿಸಿ ಬರೆದ ಎಚ್ಚರಿಕೆಯೇ ಇಷ್ಟು ಅಡ್ಡಾದಿಡ್ಡಿಯಾಗಿದ್ದರೆ ಜನರಿಗೆ ಗೊಂದಲವಾಗುವುದು ಸಹಜ. ಆದರೆ ಆ ಸಂದೇಶ ತಪ್ಪಾಗಿತ್ತು ಎಂದ ಮಾತ್ರಕ್ಕೆ ಕಾಯ್ದೆಗೆ ಹಲ್ಲಿಲ್ಲ ಎಂದು ತಿಳಿಯಬೇಕಾಗಿಲ್ಲ. ಕೆಲವು ಕಡೆ ಅದು ಜನ ಅಂದುಕೊಂಡಿದ್ದಕ್ಕಿಂತ ಮೃದು, ಕೆಲವು ಕಡೆ ಅಂದುಕೊಂಡಿದ್ದಕ್ಕಿಂತ ಬಹಳ ಕಠಿಣ.

ಮೊದಲು ಒಂದು ವಿಂಗಡಣೆ ಆಗಬೇಕು. ಕೃತಿಸ್ವಾಮ್ಯ ಉಲ್ಲಂಘನೆಯಾದಾಗ ಹಕ್ಕುದಾರನ ಮುಂದೆ ಎರಡು ದಾರಿಗಳಿರುತ್ತವೆ. ಸಿವಿಲ್ ದಾವೆ ಹೂಡಿ ತಡೆಯಾಜ್ಞೆ, ನಷ್ಟ ಪರಿಹಾರ, ಲಾಭದ ಲೆಕ್ಕ ಕೇಳುವುದು ಒಂದು. ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ದೂರು ಕೊಟ್ಟು ಕ್ರಿಮಿನಲ್ ಪ್ರಕರಣ ನಡೆಸುವುದು ಇನ್ನೊಂದು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂಬ ನಿಯಮವಿಲ್ಲ, ಎರಡೂ ಜೊತೆಜೊತೆಯಾಗಿ ಸಾಗಬಹುದು. ಆದರೆ ಎರಡೂ ಕಡೆ ಸಾಬೀತುಪಡಿಸಬೇಕಾದದ್ದು ಒಂದೇ ಅಲ್ಲ. ಸಿವಿಲ್ ದಾವೆಯಲ್ಲಿ ಉಲ್ಲಂಘನೆ ಆಗಿದೆ ಎಂದು ತೋರಿಸಿದರೆ ಸಾಕು. ‘ನನಗೆ ಗೊತ್ತಿರಲಿಲ್ಲ’ ಎಂಬ ಉತ್ತರ ಅಲ್ಲಿ ಪರಿಹಾರದ ಮೊತ್ತವನ್ನು ತಗ್ಗಿಸೀತು, ಆದರೆ ತಡೆಯಾಜ್ಞೆಯನ್ನು ತಪ್ಪಿಸಲಾರದು. ಕ್ರಿಮಿನಲ್ ಪ್ರಕರಣದಲ್ಲಿ ಅದೇ ಉತ್ತರ, ನಿಜವಾಗಿದ್ದರೆ, ಆರೋಪಿಯನ್ನು ಪೂರ್ತಿ ಬಿಡುಗಡೆ ಮಾಡಬಲ್ಲದು.

ಏಕೆಂದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ‘ತಿಳಿದೂ’ ಉಲ್ಲಂಘಿಸಿದವನನ್ನು ಮಾತ್ರ ಶಿಕ್ಷಿಸುತ್ತದೆ. ತಿಳಿದೂ ಉಲ್ಲಂಘನೆ ಮಾಡಿದವನು, ಇಲ್ಲವೇ ಅದಕ್ಕೆ ಕುಮ್ಮಕ್ಕು ಕೊಟ್ಟವನು. ಶಿಕ್ಷೆ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು. ಜೊತೆಗೆ ಕನಿಷ್ಠ 50,000 ರೂಪಾಯಿ, ಗರಿಷ್ಠ 2 ಲಕ್ಷ ರೂಪಾಯಿ ದಂಡ. ಜೈಲು ಅಥವಾ ದಂಡ ಅಲ್ಲ, ಎರಡೂ. ಒಮ್ಮೆ ಶಿಕ್ಷೆಯಾದವನು ಮತ್ತೆ ಅದೇ ಕೆಲಸಕ್ಕೆ ಸಿಕ್ಕಿಬಿದ್ದರೆ 63ಎ ಸೆಕ್ಷನ್ ಕನಿಷ್ಠ ಮಿತಿಯನ್ನು ಒಂದು ವರ್ಷ ಜೈಲು ಮತ್ತು ಒಂದು ಲಕ್ಷ ರೂಪಾಯಿ ದಂಡಕ್ಕೆ ಏರಿಸುತ್ತದೆ. ಗರಿಷ್ಠ ಮಿತಿ ಬದಲಾಗುವುದಿಲ್ಲ.

ಈ ‘ಕನಿಷ್ಠ’ದಿಂದ ಹೊರಬರಲು ಒಂದು ಕಿಂಡಿ ಇದೆ. ವ್ಯಾಪಾರ ವಹಿವಾಟಿನಲ್ಲಿ ಲಾಭಕ್ಕಾಗಿ ಮಾಡಿದ ಉಲ್ಲಂಘನೆ ಅಲ್ಲದಿದ್ದರೆ, ತಕ್ಕ ಮತ್ತು ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದು ನ್ಯಾಯಾಲಯ ಆರು ತಿಂಗಳಿಗಿಂತ ಕಡಿಮೆ ಜೈಲು ಅಥವಾ 50,000ಕ್ಕಿಂತ ಕಡಿಮೆ ದಂಡ ವಿಧಿಸಬಹುದು. ಗಮನಿಸಬೇಕಾದದ್ದು ಈ ಕಿಂಡಿ ಎಲ್ಲಿದೆ ಎಂಬುದನ್ನು. ಲಾಭಕ್ಕಾಗಿ ಮಾಡಿದನೋ ಇಲ್ಲವೋ ಎಂಬ ಪ್ರಶ್ನೆ ಅಪರಾಧದ ವ್ಯಾಖ್ಯಾನದಲ್ಲಿಲ್ಲ, ಶಿಕ್ಷೆಯ ಪ್ರಮಾಣದಲ್ಲಿದೆ. ಸಾವಿರಾರು ಪ್ರತಿಗಳನ್ನು ಗುಟ್ಟಾಗಿ ಅಚ್ಚು ಹಾಕುವವನೂ ಬಿಡಿಗಾಸು ಪಡೆಯದೆ ಗೆಳೆಯರಿಗೆಲ್ಲ ಕಡತ ಹಂಚಿದವನೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಅವರಿಬ್ಬರ ನಡುವಿನ ವ್ಯತ್ಯಾಸ ಕಾನೂನಿನ ಕಣ್ಣಿಗೆ ಬೀಳುವುದು ವಿಚಾರಣೆ ಮುಗಿದು ಅಪರಾಧಿ ಎಂದು ಘೋಷಿಸಿದ ಮೇಲೆ. ಈ ಇಡೀ ಕಾನೂನಿನ ಕುರಿತು ನನ್ನ ಮುಖ್ಯ ತಕರಾರು ಇದೇ.

ಕಾಯ್ದೆ ಹುಟ್ಟುವಾಗ ಇಷ್ಟು ಬಿಗಿ ಇರಲಿಲ್ಲ. 1957ರ ಮೂಲ ರೂಪದಲ್ಲಿ ಗರಿಷ್ಠ ಶಿಕ್ಷೆ ಒಂದು ವರ್ಷವಷ್ಟೇ, ಕನಿಷ್ಠ ಎಂಬುದೇ ಇರಲಿಲ್ಲ. ಆಮೇಲೆ ಕ್ಯಾಸೆಟ್ ಬಂತು. ಅಚ್ಚುಮೊಳೆ, ಮುದ್ರಣಯಂತ್ರ, ಗೋದಾಮು ಯಾವುದೂ ಬೇಡ. ಎರಡು ಪ್ಲೇಯರ್‌ಗಳಿದ್ದರೆ ಒಂದು ಕೋಣೆಯಲ್ಲಿ ಕೂತು ಚಿತ್ರವನ್ನೋ ಹಾಡುಗಳನ್ನೋ ಎಷ್ಟು ಬೇಕಾದರೂ ನಕಲು ಮಾಡಬಹುದು ಎನ್ನುವಂತಾಯಿತು. 1984ರ ತಿದ್ದುಪಡಿ ಈ ಧ್ವನಿ ಮತ್ತು ವೀಡಿಯೊ ಪೈರಸಿಯನ್ನು ಮುಂದಿಟ್ಟುಕೊಂಡೇ ಬಂದದ್ದು. ಆರು ತಿಂಗಳು, ಮೂರು ವರ್ಷ, 50 ಸಾವಿರ, ಎರಡು ಲಕ್ಷ ಎಂಬ ಅಂಕಿಗಳೆಲ್ಲ ಆಗಿನವು. ನಲವತ್ತು ವರ್ಷಗಳ ಹಿಂದಿನ ಎರಡು ಲಕ್ಷ ರೂಪಾಯಿ ಇವತ್ತಿನ ದೊಡ್ಡ ಪೈರಸಿ ಜಾಲಕ್ಕೆ ಲೆಕ್ಕಕ್ಕೇ ಇಲ್ಲದ ಮೊತ್ತ; ವಿದ್ಯಾರ್ಥಿಯೊಬ್ಬನಿಗೆ 50,000 ಇವತ್ತಿಗೂ ಬಲು ಭಾರ.

‘ತಿಳಿದೂ’ ಎಂಬುದನ್ನು ನ್ಯಾಯಾಲಯದಲ್ಲಿ ತೋರಿಸುವುದು ಹೇಗೆ? ಮನಸ್ಸಿನೊಳಗಿರುವುದಕ್ಕೆ ಸಾಕ್ಷಿ ತರುವುದು ಕಷ್ಟವಾದ್ದರಿಂದ ಅದನ್ನು ಸಂದರ್ಭಗಳಿಂದಲೇ ಊಹಿಸಬೇಕು. ಒಂದು ಮುದ್ರಣಾಲಯವನ್ನು ಕಲ್ಪಿಸಿಕೊಳ್ಳಿ. ಒಬ್ಬರು ಅನುವಾದಿತ ಕಾದಂಬರಿಯ ಹಸ್ತಪ್ರತಿ ತಂದು ಸಾವಿರ ಪ್ರತಿ ಅಚ್ಚು ಹಾಕಿಸುತ್ತಾರೆ. ಮೂಲ ಲೇಖಕರ ಒಪ್ಪಿಗೆಯಿಲ್ಲದೆ ಮಾಡಿದ ಅನುವಾದ ಅದು ಎಂಬುದು ಮುದ್ರಕರಿಗೆ ತಿಳಿದಿಲ್ಲ, ತಿಳಿಯುವ ಕಾರಣವೂ ಇಲ್ಲ. ಅನುವಾದದ ಹಕ್ಕು ಮೂಲ ಲೇಖಕರದೇ ಆದ್ದರಿಂದ ಇಲ್ಲಿ ಉಲ್ಲಂಘನೆ ಆಗಿದೆ. ಲೇಖಕರು ಸಿವಿಲ್ ನ್ಯಾಯಾಲಯಕ್ಕೆ ಹೋದರೆ ಮಾರಾಟ ನಿಲ್ಲುತ್ತದೆ. ಆದರೆ ಮುದ್ರಕರನ್ನು ಅಪರಾಧಿ ಎನ್ನುವಂತಿಲ್ಲ. ಇನ್ನು ಹದಿನೈದು ದಿನ ಬಿಟ್ಟು ಲೇಖಕರ ವಕೀಲರಿಂದ ನೋಟಿಸ್ ಬಂತು, ಒಪ್ಪಂದದ ದಾಖಲೆಗಳೂ ಅದರ ಜೊತೆಗಿದ್ದವು ಎನ್ನೋಣ. ಮುದ್ರಕರು ಅದನ್ನು ಕಪಾಟಿಗೆ ಸೇರಿಸಿ ಮತ್ತೊಂದು ಸಾವಿರ ಪ್ರತಿ ಅಚ್ಚು ಹಾಕಿದರೆ ಆ ಎರಡನೆಯ ಸಾವಿರ 63ನೇ ಸೆಕ್ಷನ್ ಒಳಗೆ ಬಂದು ಕೂರುತ್ತದೆ. ಯಂತ್ರ ಅದೇ, ಕಾಗದ ಅದೇ, ಪುಸ್ತಕ ಅದೇ. ಬದಲಾದದ್ದು ಅವರಿಗೆ ಗೊತ್ತಿದ್ದ ಸಂಗತಿ ಮಾತ್ರ. ಪ್ರಕಾಶಕರ ಹೆಸರಿಲ್ಲದ ಪುಟ, ಬಿಲ್ ಇಲ್ಲದ ಖರೀದಿ, ಅಸಲಿಗಿಂತ ತೀರಾ ಕಡಿಮೆ ಬೆಲೆ, ರಾತ್ರಿ ಹೊತ್ತಿನ ಸಾಗಣೆ ಇಂಥವೆಲ್ಲ ‘ಗೊತ್ತಿತ್ತು’ ಎನ್ನುವುದಕ್ಕೆ ಪೂರಕ ಸಾಕ್ಷ್ಯವಾಗುತ್ತವೆ. ಸಾಮಾಜಿಕ ಮಾಧ್ಯಮದ ಗುಂಪುಗಳನ್ನು ನಡೆಸುವವರೂ ಇದನ್ನು ಗಮನಿಸುವುದು ಒಳ್ಳೆಯದು. ಗುಂಪಿನಲ್ಲಿ ಯಾರೋ ಒಂದು ಕಡತ ಹಾಕಿದರೆಂಬ ಒಂದೇ ಕಾರಣಕ್ಕೆ ನಿರ್ವಾಹಕ ಅಪರಾಧಿಯಾಗುವುದಿಲ್ಲ. ಆದರೆ ಗುಂಪಿನ ಹೆಸರೇ ‘ಹೊಸ ಚಿತ್ರಗಳು ಉಚಿತ’ ಎಂದಿದ್ದರೆ ಗೊತ್ತಿರಲಿಲ್ಲ ಎಂಬ ವಾದ ನಿಲ್ಲುವುದು ಕಷ್ಟ.

ಮೂರು ವರ್ಷದ ಗಣಿತ

ಈ ಕಾಯ್ದೆಯಲ್ಲಿ ವಕೀಲರನ್ನು ಬಹುಕಾಲ ಕಾಡಿದ ಪ್ರಶ್ನೆ ಶಿಕ್ಷೆಯದಲ್ಲ, ಬಂಧನದ್ದು. ದೂರು ಬಂದ ಕೂಡಲೇ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಎಫ್‌ಐಆರ್ ದಾಖಲಿಸಿ ವಾರಂಟ್ ಇಲ್ಲದೆ ಬಂಧಿಸಬಹುದೇ? ಅಂದರೆ ಇದು ಸಂಜ್ಞೇಯ ಅಪರಾಧವೇ? ಜಾಮೀನು ಆರೋಪಿಯ ಹಕ್ಕೋ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದೋ?

63ನೇ ಸೆಕ್ಷನ್ ಇದಕ್ಕೆ ಉತ್ತರ ಕೊಡುವುದಿಲ್ಲ. ಹೀಗೆ ವಿಶೇಷ ಕಾಯ್ದೆ ಮೌನವಾಗಿದ್ದಾಗ ದಂಡ ಪ್ರಕ್ರಿಯಾ ಸಂಹಿತೆಯ ಮೊದಲನೇ ಅನುಸೂಚಿಯ ಎರಡನೇ ಭಾಗವನ್ನು ನೋಡಬೇಕು. ಅಲ್ಲಿ ಮೂರು ಸಾಲುಗಳಿವೆ. ಮರಣದಂಡನೆ, ಜೀವಾವಧಿ ಅಥವಾ ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇರುವವು ಮೊದಲ ಸಾಲಿನಲ್ಲಿ. ‘ಮೂರು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟು, ಏಳು ವರ್ಷ ಮೀರದ’ ಶಿಕ್ಷೆಯವು ಎರಡನೆಯದರಲ್ಲಿ. ಇವು ಸಂಜ್ಞೇಯ, ಜಾಮೀನುರಹಿತ. ‘ಮೂರು ವರ್ಷಕ್ಕಿಂತ ಕಡಿಮೆ’ ಶಿಕ್ಷೆ ಅಥವಾ ಬರೀ ದಂಡ ಇರುವವು ಮೂರನೆಯದರಲ್ಲಿ. ಇವು ಅಸಂಜ್ಞೇಯ, ಜಾಮೀನು ಸಿಗುವಂಥವು.

ಕೃತಿಸ್ವಾಮ್ಯದ ಶಿಕ್ಷೆ ‘ಮೂರು ವರ್ಷದವರೆಗೆ’. ಸರಿಯಾಗಿ ಗಡಿಯ ಮೇಲೆ ನಿಂತಿದೆ. ಆರು ತಿಂಗಳಿಗೂ ಮುಗಿಯಬಹುದಾದ ಶಿಕ್ಷೆಯನ್ನು ‘ಮೂರು ವರ್ಷ ಮತ್ತು ಮೇಲ್ಪಟ್ಟು’ ಎನ್ನುವುದು ಹೇಗೆ ಎಂದು ಒಂದು ಪಕ್ಷ ಕೇಳುತ್ತಿತ್ತು. ನ್ಯಾಯಾಧೀಶರು ಪೂರ್ಣ ಮೂರು ವರ್ಷ ವಿಧಿಸಬಹುದಾದ ಅಪರಾಧವನ್ನು ‘ಮೂರು ವರ್ಷಕ್ಕಿಂತ ಕಡಿಮೆ’ ಎಂಬ ಸಾಲಿಗೆ ಹಾಕುವುದಾದರೂ ಹೇಗೆ ಎಂದು ಇನ್ನೊಂದು ಪಕ್ಷ. ಹೈಕೋರ್ಟ್‌ಗಳು ಒಂದೊಂದು ಒಂದೊಂದು ಕಡೆ ವಾಲಿದ್ದವು. ದೆಹಲಿ ಹೈಕೋರ್ಟ್ ಇದು ಅಸಂಜ್ಞೇಯ, ಜಾಮೀನು ಸಿಗುವ ಅಪರಾಧ ಎಂದು ಹೇಳಿ, ಒಂದು ಎಫ್‌ಐಆರ್ ಅನ್ನೇ ರದ್ದು ಮಾಡಿತು. ಆ ಪ್ರಕರಣ, ನಿಟ್ ಪ್ರೊ ಇಂಟರ್‌ನ್ಯಾಷನಲ್ ವಿರುದ್ಧ ದೆಹಲಿ ಸರ್ಕಾರ, ಸುಪ್ರೀಂ ಕೋರ್ಟ್‌ಗೆ ಹೋಯಿತು. 2022ರ ಮೇ 20ರಂದು ನ್ಯಾಯಮೂರ್ತಿ ಎಂ.ಆರ್. ಶಾ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಎರಡನೇ ಪಕ್ಷದ ವಾದವನ್ನು ಎತ್ತಿಹಿಡಿಯಿತು: ಗರಿಷ್ಠ ಶಿಕ್ಷೆ ಮೂರು ವರ್ಷ ಆಗಬಹುದಾದ್ದರಿಂದ ಇದು ಎರಡನೇ ಸಾಲಿನದು, ಸಂಜ್ಞೇಯ ಮತ್ತು ಜಾಮೀನುರಹಿತ. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಆ ಮೂರು ಸಾಲುಗಳು ಹಾಗೆಯೇ ಇವೆ, ಹಾಗಾಗಿ ತೀರ್ಪಿನ ಫಲವೂ ಹಾಗೆಯೇ ಇದೆ.

ಲೆಕ್ಕವಾಗಿ ನೋಡಿದರೆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮೂರು ಎಂಬುದು ಮೂರಕ್ಕಿಂತ ಕಡಿಮೆಯಲ್ಲ. ಆದರೆ ಪರಿಣಾಮ ದೊಡ್ಡದು. ಮುಖ್ಯವಾಗಿ ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಆಸ್ತಿಯ ತಕರಾರು ಎನ್ನಬಹುದಾದ ವಿಷಯದಲ್ಲಿ, ನಕಲು ಹೌದೋ ಅಲ್ಲವೋ ಎಂದು ಯಾವ ನ್ಯಾಯಾಲಯವೂ ನೋಡುವ ಮೊದಲೇ ಠಾಣೆಯ ಮಟ್ಟದಲ್ಲಿ ಬಂಧನದ ಅಧಿಕಾರ ಸಿಗುತ್ತದೆ. ಎರಡು ಚಿತ್ರಕಥೆಗಳ ನಡುವೆ ಇರುವುದು ಹೋಲಿಕೆಯೋ ಕಳವೋ ಎಂದು ಹೇಳಲು ಹೈಕೋರ್ಟ್ ನ್ಯಾಯಮೂರ್ತಿಗಳೇ ವರ್ಷಗಟ್ಟಲೆ ವಾದ ಕೇಳುತ್ತಾರೆ. ಕಥೆಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ಬಗೆಗೆ ಮಾತ್ರ ಇದೆ ಎಂದು ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಆ ಗೆರೆ ಎಲ್ಲಿದೆ ಎಂದು ಠಾಣಾಧಿಕಾರಿ ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಬೇಕೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯ.

ಹಾಗೆಂದು ಎಫ್‌ಐಆರ್ ಆದ ಮಾತ್ರಕ್ಕೆ ಕೈಕೋಳ ಬೀಳುತ್ತದೆ ಎಂದಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಿ ಆಗಬಾರದು, ಬಂಧಿಸಲೇಬೇಕಾದ ಕಾರಣವನ್ನು ಪೊಲೀಸರು ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್‌ನ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಬಂಧನ ಅಗತ್ಯವಿಲ್ಲದಿದ್ದರೆ ಹಾಜರಾಗುವಂತೆ ನೋಟಿಸ್ ಕೊಡಬೇಕು. ಹೊಸ ಸಂಹಿತೆಯಲ್ಲಿ ಅದು 35ನೇ ಸೆಕ್ಷನ್‌ನ ಮೂರನೇ ಉಪವಿಭಾಗ. ನೋಟಿಸ್ ಬಂದವನು ಹೋಗಿ ವಿಚಾರಣೆಗೆ ಸಹಕರಿಸಿದರೆ ಸಾಮಾನ್ಯವಾಗಿ ಬಂಧನ ಇಲ್ಲ. ನೋಟಿಸನ್ನು ಕಡೆಗಣಿಸಿದರೆ ಆ ರಕ್ಷಣೆಯೂ ಇಲ್ಲ. ಇನ್ನು ‘ಜಾಮೀನುರಹಿತ’ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಅನೇಕರು ಹೆದರುತ್ತಾರೆ. ಸಿಗುತ್ತದೆ. ಠಾಣೆಯಲ್ಲೇ ಹಕ್ಕಿನಿಂದ ಕೇಳಿ ಪಡೆಯುವಂತಿಲ್ಲ, ನ್ಯಾಯಾಲಯದ ಮುಂದೆ ಅರ್ಜಿ ಹಾಕಬೇಕು, ಅಷ್ಟೇ ವ್ಯತ್ಯಾಸ. ನಿರೀಕ್ಷಣಾ ಜಾಮೀನಿಗೂ ಅವಕಾಶವಿದೆ.

ಬಂಧನಕ್ಕಿಂತ ಬೇಗ ಎದುರಾಗುವುದು ಜಪ್ತಿ. 64ನೇ ಸೆಕ್ಷನ್ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನ ಯಾವುದೇ ಪೊಲೀಸ್ ಅಧಿಕಾರಿ, ಅಪರಾಧ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ಮನವರಿಕೆಯಾದರೆ, ವಾರಂಟ್ ಇಲ್ಲದೆ ನಕಲು ಪ್ರತಿಗಳನ್ನೂ ಅವನ್ನು ತಯಾರಿಸಲು ಬಳಸಿದ ಫಲಕಗಳನ್ನೂ (ಅಚ್ಚು, ನೆಗೆಟಿವ್, ನಕಲು ಯಂತ್ರದಂಥ ಸಾಧನಗಳನ್ನೂ) ವಶಪಡಿಸಿಕೊಳ್ಳಬಹುದು. ಟ್ರೇಡ್‌ಮಾರ್ಕ್ ಕಾಯ್ದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಅಲ್ಲಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಶೋಧಿಸಿ ಜಪ್ತಿ ಮಾಡುವಂತಿಲ್ಲ, ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು. ಕೃತಿಸ್ವಾಮ್ಯದಲ್ಲಿ ಅಂಥ ಯಾವ ಜರಡಿಯೂ ಇಲ್ಲ. 1990ರ ದಶಕದಲ್ಲಿ ವೀಡಿಯೊ ಲೈಬ್ರರಿ ನಡೆಸುತ್ತಿದ್ದವರು ಈ ಅಧಿಕಾರವನ್ನು ರಾಜಸ್ಥಾನ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದರು. ಸೆಕ್ಷನ್ ಉಳಿಯಿತು, ಮನವರಿಕೆ ಎಂದರೆ ಅಧಿಕಾರಿಯ ಇಷ್ಟವಲ್ಲ, ಅದಕ್ಕೆ ಆಧಾರವಾಗುವ ಮಾಹಿತಿ ಇರಬೇಕು ಎಂದು ನ್ಯಾಯಾಲಯ ಓದಿಕೊಂಡಿತು. ಜಪ್ತಿಯಾದ ವಸ್ತುಗಳಲ್ಲಿ ತಮಗೆ ಹಕ್ಕಿದೆ ಎನ್ನುವವರು 15 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ವಾಪಸು ಕೇಳಬಹುದು. ಗಾಬರಿಯಲ್ಲಿ ಈ 15 ದಿನವನ್ನು ಕಳೆದುಕೊಳ್ಳಬಾರದು.

ಸಾಫ್ಟ್‌ವೇರ್‌ಗೆ ಬೇರೆ ಅಳತೆ

ಚಿತ್ರ ನೋಡುವುದು ಅಪರಾಧವಲ್ಲ ಎಂದೆನಲ್ಲ, ಸಾಫ್ಟ್‌ವೇರ್ ವಿಷಯದಲ್ಲಿ ಆ ಮಾತು ಸಲ್ಲುವುದಿಲ್ಲ. 1994ರ ತಿದ್ದುಪಡಿಯಲ್ಲಿ ಬಂದ 63ಬಿ ಸೆಕ್ಷನ್, ನಕಲಿ ಪ್ರತಿ ಎಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಬಳಸುವುದನ್ನೇ ಅಪರಾಧವಾಗಿಸಿದೆ. ಮಾರಬೇಕಾಗಿಲ್ಲ, ಹಂಚಬೇಕಾಗಿಲ್ಲ, ಬಳಸಿದರೆ ಸಾಕು. ಕನಿಷ್ಠ ಏಳು ದಿನ, ಗರಿಷ್ಠ ಮೂರು ವರ್ಷ ಜೈಲು. ದಂಡ 50,000ದಿಂದ 2 ಲಕ್ಷ ರೂಪಾಯಿ. ಲಾಭಕ್ಕೋ ವ್ಯಾಪಾರಕ್ಕೋ ಬಳಸಿರದಿದ್ದರೆ, ವಿಶೇಷ ಕಾರಣಗಳನ್ನು ಬರೆದು ಜೈಲನ್ನು ಪೂರ್ತಿ ಕೈಬಿಟ್ಟು 50,000 ರೂಪಾಯಿವರೆಗೆ ದಂಡ ಮಾತ್ರ ವಿಧಿಸಬಹುದು.

ಕಚೇರಿಗಳು ಸಿಕ್ಕಿಬೀಳುವುದು ಇಲ್ಲಿ. ಹತ್ತು ಕಂಪ್ಯೂಟರ್‌ಗಳಿಗೆ ಒಂದೇ ಲೈಸೆನ್ಸ್, ಕೀಲಿ ಮುರಿದ ವಿನ್ಯಾಸ ಸಾಫ್ಟ್‌ವೇರ್, ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ ಲೆಕ್ಕಪತ್ರದ ಪ್ರೋಗ್ರಾಂ. ಅಪರಾಧ ಮಾಡಿದ್ದು ಕಂಪನಿಯಾದರೆ 69ನೇ ಸೆಕ್ಷನ್ ಪ್ರಕಾರ ಆ ಸಮಯದಲ್ಲಿ ವ್ಯವಹಾರದ ಹೊಣೆ ಹೊತ್ತಿದ್ದವರೂ ಆರೋಪಿಗಳು. ತಮಗೆ ತಿಳಿಯದೆ ನಡೆಯಿತು, ತಡೆಯಲು ಸಕಲ ಎಚ್ಚರ ವಹಿಸಿದ್ದೆವು ಎಂದು ಅವರೇ ಸಾಬೀತುಪಡಿಸಬೇಕು. ಹಾಗಾಗಿ ಯಾವ ಯಂತ್ರದಲ್ಲಿ ಯಾವ ಲೈಸೆನ್ಸ್ ಇದೆ ಎಂಬ ಪಟ್ಟಿ ಇಟ್ಟುಕೊಳ್ಳುವುದು ಶಿಸ್ತಿನ ಮಾತಷ್ಟೇ ಅಲ್ಲ, ಮುಂದೊಂದು ದಿನ ಅದೇ ಪ್ರತಿವಾದದ ಸಾಕ್ಷ್ಯವಾಗುತ್ತದೆ.

ಟೊರೆಂಟ್ ಬಳಸುವವರಿಗೂ ಒಂದು ಮಾತು. ನೋಡುವುದು ಅಪರಾಧವಲ್ಲ ಎಂಬ ಆದೇಶದಲ್ಲಿ ಅವರು ಆಸರೆ ಹುಡುಕುವುದುಂಟು. ಆದರೆ ಟೊರೆಂಟ್ ತಂತ್ರಾಂಶ ಇಳಿಸಿಕೊಳ್ಳುತ್ತಿರುವಾಗಲೇ ಇಳಿದ ತುಣುಕುಗಳನ್ನು ಇತರರಿಗೆ ಕಳಿಸುತ್ತಿರುತ್ತದೆ. ಅದು ಕೆಲಸ ಮಾಡುವ ರೀತಿಯೇ ಹಾಗೆ. ಪರದೆಯ ಮುಂದೆ ಕೂತವನು ತಾನು ಪಡೆಯುತ್ತಿದ್ದೇನೆ ಎಂದುಕೊಂಡಿರುತ್ತಾನೆ, ಅವನ ಯಂತ್ರ ಹಂಚುತ್ತಿರುತ್ತದೆ. ಹಂಚಿಕೆ ಎಂದ ಕೂಡಲೇ ಪ್ರಶ್ನೆ ಬೇರೆಯೇ ಆಗುತ್ತದೆ.

ಉಳಿದ ಕೆಲವು ಸೆಕ್ಷನ್‌ಗಳನ್ನು ಚುಟುಕಾಗಿ ಮುಗಿಸಬಹುದು. ನಕಲು ಪ್ರತಿ ಮಾಡುವ ಉದ್ದೇಶದಿಂದ ತಿಳಿದೂ ಫಲಕಗಳನ್ನು ತಯಾರಿಸುವುದಕ್ಕೆ ಅಥವಾ ಇಟ್ಟುಕೊಳ್ಳುವುದಕ್ಕೆ (65ನೇ ಸೆಕ್ಷನ್), ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯುವುದಕ್ಕೆ (65ಎ), ಹಕ್ಕುದಾರರ ಮಾಹಿತಿಯನ್ನು ಕಡತದಿಂದ ಅಳಿಸುವುದಕ್ಕೆ (65ಬಿ) ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಕೊನೆಯ ಎರಡು 2012ರ ತಿದ್ದುಪಡಿಯವು. ಎರಡು ವರ್ಷವಾದ್ದರಿಂದ ಇವು ಆ ಮೂರನೇ ಸಾಲಿಗೆ ಹೋಗುತ್ತವೆ, ಜಾಮೀನು ಹಕ್ಕಾಗುತ್ತದೆ. ಧ್ವನಿಮುದ್ರಿಕೆ ಮತ್ತು ವೀಡಿಯೊಗಳ ಮೇಲೆ ತಯಾರಕರ, ಹಕ್ಕುದಾರರ ವಿವರ ಇಲ್ಲದಿದ್ದರೆ 68ಎ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ. ಈ ಅಪರಾಧಕ್ಕೆ ಅಸಲಿ ಹಕ್ಕುದಾರ ಯಾರೆಂದು ಪೊಲೀಸರು ಹುಡುಕಿ ತಂದು ಸಾಕ್ಷಿ ಹೇಳಿಸಬೇಕಾಗಿಲ್ಲ ಎಂದು 1996ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಸರಿಲ್ಲದ ಕ್ಯಾಸೆಟ್ ಇಟ್ಟುಕೊಂಡ ಅಂಗಡಿಗಳಿಗೆ ಅದು ದೊಡ್ಡ ಪೆಟ್ಟು.

ಚಿತ್ರಮಂದಿರದ ಕತ್ತಲಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸುವವರಿಗೆ ಈಗ ಪ್ರತ್ಯೇಕ ಕಾನೂನೇ ಇದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ಸೇರಿದ 6ಎಎ ಮತ್ತು 6ಎಬಿ ಸೆಕ್ಷನ್‌ಗಳು ಚಿತ್ರಮಂದಿರದಲ್ಲಿ ಅನಧಿಕೃತ ರೆಕಾರ್ಡಿಂಗ್ ಮಾಡುವುದನ್ನೂ ಅಂಥ ಪ್ರತಿಯನ್ನು ಲಾಭಕ್ಕಾಗಿ ಪ್ರದರ್ಶಿಸುವುದನ್ನೂ ನಿಷೇಧಿಸುತ್ತವೆ. ಶಿಕ್ಷೆ ಮೂರು ತಿಂಗಳಿನಿಂದ ಮೂರು ವರ್ಷ. ದಂಡ ಕನಿಷ್ಠ 3 ಲಕ್ಷ ರೂಪಾಯಿ; ಗರಿಷ್ಠ ಮಿತಿ ಚಿತ್ರದ ಲೆಕ್ಕಪರಿಶೋಧಿತ ಒಟ್ಟು ನಿರ್ಮಾಣ ವೆಚ್ಚದ ಶೇ 5. ನೂರು ಕೋಟಿ ರೂಪಾಯಿಯ ಚಿತ್ರವಾದರೆ ಐದು ಕೋಟಿ. ಕೃತಿಸ್ವಾಮ್ಯ ಕಾಯ್ದೆಯ ಎರಡು ಲಕ್ಷ ಎಲ್ಲಿ, ಈ ಐದು ಕೋಟಿ ಎಲ್ಲಿ. ಚಿತ್ರೋದ್ಯಮಕ್ಕೆ ಸಂಸತ್ತಿನಲ್ಲಿ ಸಿಕ್ಕ ಕಿವಿ ಪುಸ್ತಕೋದ್ಯಮಕ್ಕೆ ಸಿಕ್ಕಿಲ್ಲ ಎಂಬುದಂತೂ ಸ್ಪಷ್ಟ.

ಕರ್ನಾಟಕದಲ್ಲಿರುವವರಿಗೆ ಇನ್ನೊಂದು ಕಾನೂನು ಗೊತ್ತಿರಬೇಕು, ಅದು ಗೂಂಡಾ ಕಾಯ್ದೆ. ಕಳ್ಳಭಟ್ಟಿ ದಂಧೆಯವರು, ಮಾದಕ ವಸ್ತು ಅಪರಾಧಿಗಳು, ಜೂಜುಕೋರರ ಸಾಲಿನಲ್ಲೇ ‘ವೀಡಿಯೊ ಅಥವಾ ಆಡಿಯೊ ಪೈರೇಟ್’ ಎಂಬ ವರ್ಗವೂ 1985ರ ಆ ಕಾಯ್ದೆಗೆ ಸೇರಿದೆ. 2014ರಲ್ಲಿ ‘ಡಿಜಿಟಲ್ ಅಪರಾಧಿ’ಯನ್ನೂ ಸೇರಿಸಲಾಯಿತು, ವಾಣಿಜ್ಯ ಉದ್ದೇಶಕ್ಕಾಗಿ ಬೇಕೆಂದೇ ಪುಸ್ತಕ, ಸಂಗೀತ, ಚಿತ್ರ, ಸಾಫ್ಟ್‌ವೇರ್‌ಗಳ ಕೃತಿಸ್ವಾಮ್ಯ ಉಲ್ಲಂಘಿಸುವವರು ಅದರ ವ್ಯಾಪ್ತಿಗೆ ಬರುತ್ತಾರೆ. ಇದು ಮಾಡಿದ ಅಪರಾಧಕ್ಕೆ ಶಿಕ್ಷೆಯಲ್ಲ, ಮುಂದೆ ಮಾಡದಂತೆ ಮುಂಚಿತವಾಗಿಯೇ ಬಂಧನದಲ್ಲಿಡುವ ಅಧಿಕಾರ, ಗರಿಷ್ಠ 12 ತಿಂಗಳು. ಆರೋಪಪಟ್ಟಿ, ಸಾಕ್ಷಿ, ಪಾಟೀಸವಾಲು ಇಲ್ಲ. ಮೂರು ತಿಂಗಳು ಮೀರಿ ಇಡಬೇಕಾದರೆ ಸಲಹಾ ಮಂಡಳಿ ಒಪ್ಪಬೇಕೆಂಬ ಸಂವಿಧಾನದ 22ನೇ ವಿಧಿಯ ಕಾವಲು ಇದೆ. ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆಯಿದೆ ಎಂದು ತೋರಿಸುವ ಹೊಣೆ ಸರ್ಕಾರದ್ದು. ನಕಲಿ ಸಿ.ಡಿ.ಯಿಂದ ನಿರ್ಮಾಪಕನಿಗೆ ನಷ್ಟವಾಗುವುದು ನಿಜ. ಅದರಿಂದ ಊರಿನ ಶಾಂತಿ ಕದಡುವುದು ಹೇಗೆ ಎಂಬುದು ನನಗಿನ್ನೂ ಅರ್ಥವಾಗಿಲ್ಲ.

ಅಪರಾಧವಲ್ಲದ್ದು ಯಾವುದು ಎಂದು ಹೇಳದಿದ್ದರೆ ಮೇಲಿನದೆಲ್ಲ ಬರೀ ಹೆದರಿಸಿದಂತಾಗುತ್ತದೆ. 52ನೇ ಸೆಕ್ಷನ್ ಉದ್ದಕ್ಕೂ ವಿನಾಯಿತಿಗಳಿವೆ. ಸಂಶೋಧನೆ ಸೇರಿದಂತೆ ಖಾಸಗಿ ಬಳಕೆಗೆ, ವಿಮರ್ಶೆಗೆ, ಪ್ರಚಲಿತ ಘಟನೆಗಳ ವರದಿಗೆ ಕೃತಿಯನ್ನು ನ್ಯಾಯೋಚಿತವಾಗಿ ಬಳಸುವುದು ಉಲ್ಲಂಘನೆಯೇ ಅಲ್ಲ. ಖಾಸಗಿ ಬಳಕೆಯ ಈ ವಿನಾಯಿತಿ ಕಂಪ್ಯೂಟರ್ ಪ್ರೋಗ್ರಾಂಗೆ ಮಾತ್ರ ಇಲ್ಲ. ಪಾಠದ ಸಂದರ್ಭದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಮಾಡುವ ಪ್ರತಿಗಳಿಗೂ ವಿನಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಅಂತರರಾಷ್ಟ್ರೀಯ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ವಿಶಾಲವಾಗಿ ಓದಿತು. ದೃಷ್ಟಿಹೀನರಿಗೆ ಓದಲು ಆಗುವ ರೂಪಕ್ಕೆ ಪುಸ್ತಕವನ್ನು ಪರಿವರ್ತಿಸಬಹುದು. ಮದುವೆ ಮೆರವಣಿಗೆಯಲ್ಲಿ, ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕಬಹುದು. ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕಳೆದ ಸಾಹಿತ್ಯ ಕೃತಿಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಬೇರೆಯವರ ವಿನ್ಯಾಸ ನಕಲು ಮಾಡಿ ಕಟ್ಟಡ ಕಟ್ಟಿದರೆ ಸಿವಿಲ್ ದಾವೆ ಬಂದೀತು, ಆದರೆ ಅದು 63ರ ಅಡಿ ಅಪರಾಧವಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಯೂಟ್ಯೂಬ್‌ನಲ್ಲಿ ಬರುವ ‘ಸ್ಟ್ರೈಕ್’ ಆ ಸಂಸ್ಥೆಯ ಆಂತರಿಕ ಕ್ರಮ, ಪೊಲೀಸ್ ಪ್ರಕರಣವಲ್ಲ.

ಜಗತ್ತಿನ ಇತರ ದೇಶಗಳ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಗರಿಷ್ಠ ಶಿಕ್ಷೆ ಹೆಚ್ಚೇನಲ್ಲ. ಅಮೆರಿಕದಲ್ಲಿ ದೊಡ್ಡ ಪ್ರಮಾಣದ ಪೈರಸಿಗೆ ಮೊದಲ ಸಲವೇ ಐದು ವರ್ಷದವರೆಗೆ ಜೈಲು. ಬ್ರಿಟನ್ 2017ರಲ್ಲಿ ಆನ್‌ಲೈನ್ ಉಲ್ಲಂಘನೆಯ ಗರಿಷ್ಠ ಶಿಕ್ಷೆಯನ್ನು ಎರಡು ವರ್ಷದಿಂದ ಹತ್ತಕ್ಕೆ ಏರಿಸಿತು. ಆದರೆ ಅಮೆರಿಕದ ಆ ಐದು ವರ್ಷಕ್ಕೆ 180 ದಿನದೊಳಗೆ ಕನಿಷ್ಠ ಹತ್ತು ಪ್ರತಿ, 2,500 ಡಾಲರ್‌ಗಿಂತ ಹೆಚ್ಚಿನ ಮೌಲ್ಯ ಎಂಬಂಥ ಮೆಟ್ಟಿಲುಗಳಿವೆ. ಬೌದ್ಧಿಕ ಆಸ್ತಿ ಕುರಿತ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 61ನೇ ವಿಧಿ ಸದಸ್ಯ ರಾಷ್ಟ್ರಗಳಿಂದ ಕೇಳುವುದೂ ‘ವಾಣಿಜ್ಯ ಪ್ರಮಾಣದ’, ಬೇಕೆಂದೇ ಮಾಡಿದ ಪೈರಸಿಗೆ ಕ್ರಿಮಿನಲ್ ಶಿಕ್ಷೆ ಇರಲಿ ಎಂದಷ್ಟೇ. ಒಂದೇ ಪ್ರತಿಗೂ, ಲಾಭವಿಲ್ಲದ್ದಕ್ಕೂ ಅದೇ ಸೆಕ್ಷನ್ ಹಾಕುವಂತೆ ಯಾವ ಒಪ್ಪಂದವೂ ನಮ್ಮನ್ನು ಕೇಳಿಲ್ಲ. ಗರಿಷ್ಠವನ್ನು ಏರಿಸಿ, ಕೆಳಗಿನ ಮಟ್ಟದಲ್ಲಿ ಒಂದು ಮೆಟ್ಟಿಲು ಇಟ್ಟಿದ್ದರೆ ದೊಡ್ಡ ದಂಧೆಯವರಿಗೂ ಭಯವಿರುತ್ತಿತ್ತು, ಚಿಕ್ಕವರಿಗೂ ನೆಮ್ಮದಿ ಇರುತ್ತಿತ್ತು.

ಇಷ್ಟೆಲ್ಲ ಇದ್ದೂ ಪ್ರಕರಣಗಳು ಕೊನೆಮುಟ್ಟುವ ಬಗೆ ಬೇರೆಯೇ. ಹಕ್ಕುದಾರರಿಗೆ ಹಲವು ಸಲ ಬೇಕಿರುವುದು ಆರೋಪಿಯ ಜೈಲುವಾಸವಲ್ಲ. ನಕಲು ನಿಲ್ಲಬೇಕು, ಸಾಧ್ಯವಾದರೆ ಹಣ ಬರಬೇಕು. ಎಫ್‌ಐಆರ್ ಆದ ಮೇಲೆ ಮಾತುಕತೆಗೆ ವೇಗ ಬರುತ್ತದೆ, ಒಪ್ಪಂದವಾಗುತ್ತದೆ, ಇಬ್ಬರೂ ಸೇರಿ ಹೈಕೋರ್ಟ್‌ಗೆ ಹೋಗಿ ಪ್ರಕರಣ ರದ್ದುಪಡಿಸುವಂತೆ ಕೋರುತ್ತಾರೆ. ಹೊಸ ಸಂಹಿತೆಯ 528ನೇ ಸೆಕ್ಷನ್ ಅಡಿ ಹೈಕೋರ್ಟ್‌ಗೆ ಆ ಅಧಿಕಾರವಿದೆ. ಕಾಲಮಿತಿಯೂ ಒಂದಿದೆ: ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ಮೂರು ವರ್ಷದೊಳಗೆ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕು, ತಡವಾದರೆ ತಕ್ಕ ಕಾರಣ ಕೊಡಬೇಕು. ವಿಚಾರಣೆ ನಡೆಯುವುದು ಮೊದಲ ದರ್ಜೆಯ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಮುಂದೆ. ಅಲ್ಲಿ ಆರೋಪಿ ಖುಲಾಸೆಯಾದರೂ ಜಪ್ತಿಯಾದ ಮಾಲು ಅವನ ಕೈಗೆ ಮರಳುತ್ತದೆಂಬ ಭರವಸೆಯಿಲ್ಲ. ಶಿಕ್ಷೆಯಾಗಲಿ ಆಗದಿರಲಿ, ನಕಲು ಪ್ರತಿಗಳೆಂದು ಕಂಡುಬಂದವನ್ನೂ ಅವುಗಳ ಫಲಕಗಳನ್ನೂ ಹಕ್ಕುದಾರರಿಗೆ ಒಪ್ಪಿಸುವಂತೆ ಅದೇ ನ್ಯಾಯಾಲಯ 66ನೇ ಸೆಕ್ಷನ್ ಅಡಿ ಆದೇಶಿಸಬಹುದು.